ಯಾರೂ ಹಿಡಿಯದ ರಟ್ಟು

ಭೂತ, ಪ್ರೇತ, ಸತ್ತವರು ಕನಸಿನಲ್ಲಿ ಬಂದು ಕಳೆದ ಬೀಗದ ಕೈ ತೋರಿಸಿದ್ದು, ಇಂಥ ಮಾತುಗಳನ್ನು ನಾನು ಎಂದೂ ನಂಬಿದವಳಲ್ಲ. ಯಾರಾದರೂ ಹೇಳಲು ಶುರು ಮಾಡಿದರೆ ನಾಲ್ಕು ಪ್ರಶ್ನೆ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ದೆಹಲಿಯ ಶಾಲೆಯೊಂದರಲ್ಲಿ ವರ್ಷಾನುಗಟ್ಟಲೆ ಗಣಿತ ಕಲಿಸಿದ ಹೆಂಗಸು ನಾನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಮಕ್ಕಳಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. ಹಾಗಿದ್ದೂ ಈಗ ಬರೆಯಹೊರಟಿರುವುದು ನಾನೇ ಪ್ರಮಾಣಿಸಲಾಗದೆ ಸೋತ ಸಂಗತಿ. ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಅನುಭವ ಆದವರು ಸಾಮಾನ್ಯವಾಗಿ ಹೆದರಿಕೆಯ ಮಾತಾಡುತ್ತಾರೆ. ನನಗೆ ಅದನ್ನು ನೆನೆದರೆ ಇವತ್ತಿಗೂ ಬರುವುದು ಸಿಟ್ಟು.

ಎರಡು ಸಾವಿರನೇ ಇಸವಿ ದಾಟಿದ ಮೊದಲ ಕೆಲವು ವರ್ಷಗಳ ಮಾತು. ನಮ್ಮವರು ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದರು. ಕಿದ್ವಾಯಿ ನಗರದ ಹಳೆಯ ಕ್ವಾರ್ಟರ್ಸಿನಲ್ಲಿ ಮೇಲಿನ ಮನೆ ನಮ್ಮದು, ಅದರ ಮೇಲೆ ತಾರಸಿ. ಕನ್ನಡದವರೆಲ್ಲ ಸೇರಿದ್ದ ಒಂದು ಯುಗಾದಿ ಊಟದಲ್ಲಿ ನನ್ನ ಪಕ್ಕದ ಎಲೆಯಲ್ಲಿ ಕೂತವರು ಮೊಣ್ಣಪ್ಪನವರು. ಕೊಡಗಿನವರು, ವಾಯುಪಡೆಯ ರಾಡಾರ್ ಕೆಲಸದಲ್ಲಿದ್ದು ನಿವೃತ್ತರಾಗಿ, ಹೆಂಡತಿ ತಂಗಮ್ಮನವರ ಜೊತೆ ನೋಯ್ಡಾದಲ್ಲಿ ನೆಲೆಸಿದ್ದರು. ನಾನು ಗಣಿತದ ಟೀಚರ್ ಎಂದು ತಿಳಿದೊಡನೆ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದವರು ಕೈ ತಡೆದು, ನನಗೆ ತ್ರಿಕೋನಮಿತಿ ಚೆನ್ನಾಗಿ ಬರುತ್ತದೆಯೇ ಎಂದು ಕೇಳಿದರು. ಊಟದ ಮನೆಯಲ್ಲಿ ಇಂಥ ಪ್ರಶ್ನೆ ಕೇಳುವವರು ಎಲ್ಲಿ ಸಿಗುತ್ತಾರೆ? ನಾನು ಅಲ್ಲೇ ಸಿಕ್ಕಿಬಿದ್ದೆ.

ಅವರ ಹವ್ಯಾಸ ಉಪಗ್ರಹಗಳ ಫೋಟೋ ತೆಗೆಯುವುದು. ಸೂರ್ಯ ಮುಳುಗಿ ಒಂದು ಗಂಟೆಯ ಹೊತ್ತಿಗೆ ನಮಗೆ ಕತ್ತಲಾದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ. ಆ ಬಿಸಿಲಿಗೆ ಹೊಳೆಯುತ್ತ ಉಪಗ್ರಹವೊಂದು ನಕ್ಷತ್ರಗಳ ನಡುವೆ ನಿಧಾನವಾಗಿ ನಡೆದುಹೋಗುವುದು ಬರಿಗಣ್ಣಿಗೇ ಕಾಣುತ್ತದೆ. ಎಲ್ಲ ಉಪಗ್ರಹಗಳ ದಾರಿಯೂ ಬಹಿರಂಗ ಪಟ್ಟಿಯಲ್ಲಿರುವುದಿಲ್ಲ, ಕೆಲವನ್ನು ಹಾರಿಸಿದ ದೇಶಗಳೇ ಬಚ್ಚಿಡುತ್ತವೆ. ಅಂಥವನ್ನು ಹುಡುಕಿ, ಫೋಟೋ ತೆಗೆದು, ಲೆಕ್ಕ ಹಾಕಿ, ಇದು ಇಂಥದ್ದು ಎಂದು ಗುರುತಿಸುವ ಹವ್ಯಾಸಿಗಳ ಗುಂಪೊಂದು ಇಂಟರ್ನೆಟ್ಟಿನಲ್ಲಿ ಇತ್ತು. ಬೇರೆ ಬೇರೆ ದೇಶಗಳ ಜನ, ಸಂಬಳವಿಲ್ಲ, ಸನ್ಮಾನವಿಲ್ಲ. ಹೊಸದೊಂದನ್ನು ಹಿಡಿದವರ ಹೆಸರನ್ನು ಪಟ್ಟಿಯಲ್ಲಿ ಅದರ ಮುಂದೆ ಬರೆಯುತ್ತಿದ್ದರು, ಅಷ್ಟೇ. ಮೊಣ್ಣಪ್ಪನವರಿಗೆ ಆ ಒಂದು ಸಾಲಿನಲ್ಲಿ ತಮ್ಮ ಹೆಸರು ಬರಬೇಕೆಂಬ ಆಸೆಯಿತ್ತು. ಬಾಯಿಬಿಟ್ಟು ಹೇಳಿದವರಲ್ಲ, ನನಗೆ ಗೊತ್ತಿತ್ತು.

ಕೆಲಸದ ಕ್ರಮ ಹೀಗೆ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಅಲುಗದಂತೆ ನಿಲ್ಲಿಸಿ, ಕೇಬಲ್ ಒತ್ತಿ ಶಟರ್ ತೆರೆದಿಡಬೇಕು. ಉಪಗ್ರಹ ನಡೆದಷ್ಟು ದೂರ ಫಿಲ್ಮಿನ ಮೇಲೆ ಒಂದು ಗೆರೆ ಬೀಳುತ್ತದೆ. ಆದರೆ ಯಾವ ಸೆಕೆಂಡಿಗೆ ಅದು ಎಲ್ಲಿತ್ತು ಎನ್ನುವುದು ಬರೀ ಗೆರೆಯಿಂದ ತಿಳಿಯುವುದಿಲ್ಲ. ಅದಕ್ಕೆ ಮೊಣ್ಣಪ್ಪನವರು ಮಿಠಾಯಿ ಡಬ್ಬದ ರಟ್ಟನ್ನು ಕತ್ತರಿಸಿ, ಕಪ್ಪು ಬಣ್ಣ ಬಳಿದು ಇಟ್ಟುಕೊಂಡಿದ್ದರು. ರೇಡಿಯೋದಲ್ಲಿ ಸೆಕೆಂಡಿಗೊಂದು ಟಿಕ್ ಎನ್ನುವ ಕಾಲಸಂಕೇತ ಕೇಳುತ್ತ, ಇಪ್ಪತ್ತಕ್ಕೆ, ಮೂವತ್ತಕ್ಕೆ, ನಲವತ್ತಕ್ಕೆ ಸರಿಯಾಗಿ ಎರಡೆರಡು ಸೆಕೆಂಡು ಅದನ್ನು ಲೆನ್ಸಿಗೆ ಅಡ್ಡ ಹಿಡಿಯುತ್ತಿದ್ದರು. ಗೆರೆಯಲ್ಲಿ ಮೂರು ಕಡೆ ಖಾಲಿ ಬೀಳುತ್ತಿತ್ತು. ಆ ಖಾಲಿಯ ತುದಿಗಳೇ ನಮ್ಮ ಗಡಿಯಾರ.

ಅವರ ಬಲಗೈ ಸ್ವಲ್ಪ ನಡುಗುತ್ತಿತ್ತು. ಹಾಗಾಗಿ ರಟ್ಟು ತೆಗೆಯುವಾಗ ಒಮ್ಮೆ ತೆರೆದು, ಚೂರು ಮತ್ತೆ ಮುಚ್ಚಿ, ಆಮೇಲೆ ಪೂರಾ ತೆರೆದುಕೊಳ್ಳುತ್ತಿತ್ತು. ಫೋಟೋದಲ್ಲಿ ಪ್ರತಿ ಖಾಲಿಯ ಕೊನೆಗೂ ಒಂದು ಸಣ್ಣ ಚುಕ್ಕಿ, ಹೊಲಿಗೆ ಒಂದು ಕಡೆ ತಪ್ಪಿದ ಹಾಗೆ. ನೂರು ಫೋಟೋ ಮಧ್ಯೆ ಅವರದ್ದನ್ನು ನಾನು ಕಣ್ಣು ಮುಚ್ಚಿ ಆರಿಸಬಲ್ಲವಳಾಗಿದ್ದೆ. ನನಗೆ ರಟ್ಟು ಹಿಡಿಯುವುದು ಕೊನೆಗೂ ಬರಲಿಲ್ಲ. ಹಿಡಿಯಹೋದರೆ ಸ್ಟ್ಯಾಂಡಿಗೆ ತಾಗಿಸುತ್ತಿದ್ದೆ. ನಾನು ಶಟರ್ ತೆರೆದ ಹೊತ್ತು, ಮುಚ್ಚಿದ ಹೊತ್ತು ಬರೆದುಕೊಂಡು ಸುಮ್ಮನಾಗುತ್ತಿದ್ದೆ.

ಇನ್ನೂ ಎರಡು ನಿಯಮಗಳಿದ್ದವು. ರೋಲಿನ ಮೊದಲ ಫೋಟೋವನ್ನು ಹಗಲಲ್ಲಿ ತೆಗೆಯಬೇಕು. ಇಲ್ಲದಿದ್ದರೆ ಸ್ಟುಡಿಯೋದವನು ಕಪ್ಪು ಫಿಲ್ಮ್ ನೋಡಿ ಇದು ಖಾಲಿಯೆಂದು ಎಲ್ಲೆಲ್ಲೋ ಕತ್ತರಿಸಿಬಿಡುತ್ತಾನೆ. ಮೊಣ್ಣಪ್ಪನವರು ಆ ಮೊದಲ ಫೋಟೋಕ್ಕೆ ಅಂದಿನ ದಿನಪತ್ರಿಕೆಯ ಮುಖಪುಟವನ್ನು ಗೋಡೆಗೆ ಅಂಟಿಸಿ ತೆಗೆಯುತ್ತಿದ್ದರು, ತಾರೀಕು ಕಾಣುವಂತೆ. ಇದೇನು ಅಪಹರಣಕಾರರ ಹಾಗೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ನಾನಂತೂ ತಾರಸಿಯ ಮೇಲಿನ ತುಳಸಿ ಕುಂಡವನ್ನೋ ಒಣಗಲು ಹಾಕಿದ ಬೆಡ್‌ಶೀಟನ್ನೋ ತೆಗೆದು ಮುಗಿಸುತ್ತಿದ್ದೆ. ಎರಡನೆಯದು, ವರದಿಯ ಕಾಗದ. ಅದರಲ್ಲಿ ಕ್ಯಾಮೆರಾ ಯಾರದು, ಕೇಬಲ್ ಒತ್ತಿದವರು ಯಾರು, ರಟ್ಟು ಹಿಡಿದವರು ಯಾರು ಎಂದು ಒಂದೊಂದು ಸಾಲು. ಅದರಲ್ಲಿ ಒಂದಕ್ಷರ ಸುಳ್ಳು ಬರಕೂಡದು, ಒಂದು ಸುಳ್ಳು ಸಿಕ್ಕಿದರೆ ನೂರು ಸತ್ಯವೂ ಹೋಯಿತು ಎನ್ನುತ್ತಿದ್ದರು. ಅವರು ನೋಯ್ಡಾದಿಂದ, ನಾನು ಕಿದ್ವಾಯಿ ನಗರದಿಂದ ಒಂದೇ ಉಪಗ್ರಹವನ್ನು ಹಿಡಿದರೆ ಎರಡು ಫೋಟೋಗಳ ವ್ಯತ್ಯಾಸದಿಂದ ಅದರ ಎತ್ತರ ಸಿಗುತ್ತಿತ್ತು. ಎರಡು ವರ್ಷ ಹೀಗೆ ನಡೆಯಿತು.

ಒಂದು ಮಾರ್ಚ್ ತಿಂಗಳ ಮೊದಲಲ್ಲಿ ಅವರಿಗೆ ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಉಪಗ್ರಹ ಕಂಡಿತು. ಮೊದಲ ಸಂಜೆ ಅಕಸ್ಮಾತ್ತಾಗಿ ಕಂಡದ್ದು. ಲೆಕ್ಕ ಹಾಕಿ, ಮೂರನೆಯ ಸಂಜೆ ಮತ್ತೆ ಬರಬೇಕೆಂದು ಕ್ಯಾಮೆರಾ ಹೂಡಿ ಕಾದರು. ಅದು ಬರುವ ಮೊದಲು ನನಗೆ ಫೋನ್ ಮಾಡಿದರು.

"ಟೀಚರ್, ಹತ್ತು ನಿಮಿಷ ಇದೆ. ಕ್ಯಾಮೆರಾ ತಗೊಂಡು ಮೇಲೆ ಹೋಗಿ."

ನನ್ನ ಮುಂದೆ ವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿ ಬಿದ್ದಿತ್ತು. ಮಾರನೆಯ ಬೆಳಿಗ್ಗೆ ಕೊಡಬೇಕಿತ್ತು.

"ಅಂಕಲ್, ಇವತ್ತು ಆಗಲ್ಲ. ನಾಳೆ ನೋಡೋಣ."

"ನಾಳೆ ಅದು ಈ ಕಡೆ ಬರಲ್ಲ," ಎಂದರು. ಆಮೇಲೆ "ಆಯ್ತು, ನೀವು ಪೇಪರ್ ನೋಡಿ" ಎಂದು ಫೋನಿಟ್ಟರು. ದನಿಯಲ್ಲಿ ಮುನಿಸಿರಲಿಲ್ಲ. ಮುನಿಸಿಕೊಂಡಿದ್ದರೆ ಚೆನ್ನಾಗಿತ್ತು.

ಅವರಿಗೆ ಫೋಟೋ ಸಿಕ್ಕಿತು. ಸಪ್ತರ್ಷಿ ಮಂಡಲದ ನಡುವೆ ಸ್ಪಷ್ಟ ಗೆರೆ, ಮೂರು ಖಾಲಿ, ಮೂರು ಚುಕ್ಕಿ. ವರದಿಯನ್ನು ನಾನೇ ಕಂಪ್ಯೂಟರಿನಲ್ಲಿ ಹೊಡೆದು ಕಳಿಸಿದೆ. ಹೊರದೇಶದ ಗುಂಪಿನವರು ಸಭ್ಯವಾಗಿ ಉತ್ತರಿಸಿದರು. ಒಬ್ಬರೇ ಕಂಡದ್ದು ಸಾಲದು, ಎರಡನೆಯ ಕಡೆಯಿಂದಲೂ ಒಂದು ಫೋಟೋ ಬೇಕು ಎಂದರು. ಆ ಎರಡನೆಯ ಕಡೆ ನಾನೇ ಆಗಿದ್ದೆ. ಆ ಹೊತ್ತಿನಲ್ಲಿ ಏಳನೇ ಕ್ಲಾಸಿನ ಭಿನ್ನರಾಶಿಗೆ ಅಂಕ ಹಾಕುತ್ತಿದ್ದೆ.

ದೆಹಲಿಯಲ್ಲಿ ನಮ್ಮದೊಂದು ಆಕಾಶ ನೋಡುವವರ ಕೂಟವಿತ್ತು. ಅದರ ಕಾರ್ಯದರ್ಶಿಯನ್ನು ಇಲ್ಲಿ ಖನ್ನಾ ಎಂದು ಕರೆಯುತ್ತೇನೆ. ದೊಡ್ಡ ದುರ್ಬೀನು, ಅದಕ್ಕಿಂತ ದೊಡ್ಡ ಬಾಯಿ. ತಿಂಗಳ ಸಭೆಯಲ್ಲಿ ಮೊಣ್ಣಪ್ಪನವರು ಫೋಟೋ ತೋರಿಸಿದಾಗ ಆತ ಅದನ್ನು ಬೆಳಕಿಗೆ ಹಿಡಿದು, ವಿಮಾನವಿರಬೇಕು ಎಂದ. ವಿಮಾನಕ್ಕೆ ಮಿನುಗುವ ದೀಪಗಳಿರುತ್ತವೆ, ಗೆರೆ ಹೀಗೆ ಬರುವುದಿಲ್ಲ ಎಂದು ನಾನು ಬಾಯಿ ಹಾಕಿದೆ. ಆತ ನನ್ನ ಕಡೆ ನೋಡಲೂ ಇಲ್ಲ. "ಅಂಕಲ್‌ಜೀ, ಪೆಹಲೇ ಆಂಖ್ ಚೆಕ್ ಕರವಾ ಲೀಜಿಯೇ," ಎಂದ, ಮೊದಲು ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ ಅಂತ. ಮೊಣ್ಣಪ್ಪನವರಿಗೆ ಹಿಂದಿನ ಚಳಿಗಾಲದಲ್ಲಿ ಕಣ್ಣಿನ ಪೊರೆ ತೆಗೆಸಿದ್ದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ನಕ್ಕರು. ಗಡಿಯಲ್ಲಿ ಎಷ್ಟೋ ವರ್ಷ ಆಕಾಶ ಕಾದು ಕೂತ ಮನುಷ್ಯನಿಗೆ, ಆಕಾಶದಲ್ಲಿ ವಿಮಾನ ಯಾವುದೆಂದು ಗೊತ್ತಿಲ್ಲವಂತೆ! ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಅವರು ಮಾತ್ರ ಫೋಟೋವನ್ನು ಲಕೋಟೆಗೆ ಹಾಕಿಕೊಂಡು ಹೊರಗೆ ಬಂದರು. ಬಸ್‌ಸ್ಟಾಪಿನಲ್ಲಿ ನಿಂತಾಗ, ತಿಂಗಳ ಕೊನೆಯ ವಾರದಲ್ಲಿ ಅದು ನಿಮ್ಮ ತಾರಸಿಗೆ ಚೆನ್ನಾಗಿ ಕಾಣುವಂತೆ ಬರುತ್ತದೆ, ಅವತ್ತು ನೀವಿದ್ದರೆ ಸಾಕು ಎಂದರು. ಈ ಸಲ ಖಂಡಿತ ಇರುತ್ತೇನೆ ಎಂದು ಮಾತು ಕೊಟ್ಟೆ.

ಆ ಸಂಜೆಗೆ ಇನ್ನು ಒಂಬತ್ತು ದಿನವಿರುವಾಗ ಮೊಣ್ಣಪ್ಪನವರು ತೀರಿಕೊಂಡರು. ಬೆಳಿಗ್ಗೆ ತಿಂಡಿ ತಿಂದು, ಪೇಪರ್ ಹಿಡಿದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ನಾವು ನೋಯ್ಡಾಕ್ಕೆ ಹೋದಾಗ ತಂಗಮ್ಮನವರು ಅವರ ಲೆಕ್ಕದ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಕೊನೆಯ ಪುಟದಲ್ಲಿ ಆ ಸಂಜೆಯ ಸಮಯ, ದಿಕ್ಕು, ಎತ್ತರ ಎಲ್ಲ ಬರೆದು, ಕೆಳಗೆ "ಟೀಚರ್ ತಾರಸಿ" ಎಂದು ಗೆರೆ ಎಳೆದಿದ್ದರು.

ಈಗ ಆ ಸಂಜೆಯ ವಿಷಯ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಅಂದು ಶಾಲೆಯಿಂದ ಬರುವಾಗ ಸರೋಜಿನಿ ನಗರದಲ್ಲಿ ಹೊಸ ರೋಲ್ ಕೊಂಡೆ. ಮನೆಗೆ ಬಂದು ನಾನೇ ಡಬ್ಬಿ ಒಡೆದು ಹಾಕಿದೆ. ಬೆಳಕಿರುವಾಗಲೇ ಮೊದಲ ಫೋಟೋ ತೆಗೆದೆ, ನನ್ನ ಎಂದಿನ ತುಳಸಿ ಕುಂಡ. ಏಳು ಗಂಟೆಗೆ ನಮ್ಮವರೂ ನಾನೂ ಮೇಲೆ ಹೋದೆವು. ಅವತ್ತು ಕರೆಂಟ್ ಹೋಗಿತ್ತು, ಇಡೀ ಕಾಲೋನಿ ಕತ್ತಲಾಗಿತ್ತು. ಜನ ಕೆಳಗೆ ಶಾಪ ಹಾಕುತ್ತಿದ್ದರು, ನಾನು ಮಾತ್ರ ದೇವರಿಗೆ ಕೈ ಮುಗಿದೆ. ಕ್ಯಾಮೆರಾವನ್ನು ಈಶಾನ್ಯಕ್ಕೆ, ಸಪ್ತರ್ಷಿ ಮಂಡಲದ ಕಡೆಗೆ ಎತ್ತಿ ನಿಲ್ಲಿಸಿದೆ. ಕಟ್ಟಡ, ಟ್ಯಾಂಕು ಯಾವುದೂ ಫೋಟೋದೊಳಗೆ ಬರಕೂಡದೆಂದು ಮೊಣ್ಣಪ್ಪನವರು ಕಲಿಸಿದ್ದಂತೆ ಬರೀ ಆಕಾಶ. ನಮ್ಮವರು ಮೂರು ಹೆಜ್ಜೆ ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ರೇಡಿಯೋ ಹಿಡಿದು ಕೂತು ಸೆಕೆಂಡು ಎಣಿಸುತ್ತಿದ್ದರು. ತಾರಸಿಯ ಮೇಲೆ ನಾವಿಬ್ಬರೇ.

ಏಳು ನಲವತ್ತೊಂದಕ್ಕೆ ಅದು ಬಂತು. ಪುಸ್ತಕದಲ್ಲಿ ಬರೆದ ದಿಕ್ಕಿನಿಂದಲೇ ಬಂತು. ಬಿಳಿಗೆ ಚೂರು ಕೆಂಪು ಬೆರೆತ ಬೆಳಕು, ಮಿನುಗಲಿಲ್ಲ, ಮಂಕಾಗಲಿಲ್ಲ, ಒಂದೇ ಸಮನೆ ನಡೆಯಿತು. ಹನ್ನೆರಡನೆಯ ಸೆಕೆಂಡಿಗೆ ಕೇಬಲ್ ಒತ್ತಿದೆ. ನಲವತ್ತೆಂಟಕ್ಕೆ ಬಿಟ್ಟೆ. ಅಷ್ಟು ಹೊತ್ತೂ ನನ್ನ ಎರಡೂ ಕೈ ಕೇಬಲಿನ ಮೇಲಿತ್ತು, ಕಣ್ಣು ಆಕಾಶದಲ್ಲಿತ್ತು. ಅತ್ತುಕೊಂಡೇ ನೋಡಿದೆ ಎಂದು ಹೇಳಲು ನಾಚಿಕೆಯಿಲ್ಲ. ಆಮೇಲೆ ಕೆಳಗಿಳಿದು ಮೋಂಬತ್ತಿಯ ಬೆಳಕಿನಲ್ಲಿ ಚಪಾತಿ ಲಟ್ಟಿಸಿದೆ. ವಿಚಿತ್ರವಾದದ್ದು ಏನೂ ನಡೆಯಲಿಲ್ಲ. ಗಾಳಿ ಬೀಸಲಿಲ್ಲ, ಯಾರೂ ಕರೆದ ಹಾಗಾಗಲಿಲ್ಲ.

ಎರಡು ದಿನ ಬಿಟ್ಟು ಸ್ಟುಡಿಯೋಕ್ಕೆ ಹೋದೆ. ಭಯ್ಯಾ ಲಕೋಟೆ ಕೊಡುತ್ತ, ಗಮಲಾದ, ಅಂದರೆ ಕುಂಡದ, ಫೋಟೋ ಚೆನ್ನಾಗಿದೆ, ಉಳಿದದ್ದರಲ್ಲಿ ಏನೂ ಇಲ್ಲ ಎಂದ. ಅಂಗಡಿಯ ಮೆಟ್ಟಿಲ ಮೇಲೇ ನಿಂತು ತೆಗೆದು ನೋಡಿದೆ. ಗೆರೆ ಇತ್ತು. ಗೆರೆಯಲ್ಲಿ ಮೂರು ಕಡೆ ಖಾಲಿ ಇತ್ತು. ಮೂರು ಖಾಲಿಯ ಕೊನೆಯಲ್ಲೂ ಒಂದೊಂದು ಚುಕ್ಕಿ ಇತ್ತು.

ಮನೆಗೆ ಹೇಗೆ ಬಂದೆನೋ ತಿಳಿಯದು. ಭೂತಗನ್ನಡಿ ಇಟ್ಟು, ನಕ್ಷತ್ರಗಳಿಂದ ಅಳೆದು ಲೆಕ್ಕ ಹಾಕಿದೆ. ಖಾಲಿ ಬಿದ್ದದ್ದು ಇಪ್ಪತ್ತನೆಯ ಸೆಕೆಂಡಿಗೆ, ಮೂವತ್ತನೆಯದಕ್ಕೆ, ನಲವತ್ತನೆಯದಕ್ಕೆ. ಎರಡೆರಡು ಸೆಕೆಂಡು. ನಾನು ಸುಮ್ಮನೆ ಒಪ್ಪಿಕೊಂಡೆ ಎಂದುಕೊಳ್ಳಬೇಡಿ. ಉಪಗ್ರಹವೇ ಉರುಳುತ್ತ ಮಿನುಗಿರಬಹುದೇ? ಇಬ್ಬರ ಕಣ್ಣಿಗೂ ಅದು ಒಂದೇ ಸಮ ಕಂಡಿತ್ತು. ಬಾವಲಿ ಅಡ್ಡ ಬಂದಿರಬಹುದೇ? ಹತ್ತು ಸೆಕೆಂಡಿಗೊಮ್ಮೆ ಗಡಿಯಾರ ನೋಡಿ ಬರುವ ಬಾವಲಿಯೇ? ಫಿಲ್ಮಿನ ಮೇಲೆ ಮೊದಲೇ ಬೇರೆ ಫೋಟೋ ಬಿದ್ದಿದ್ದರೆ ನಕ್ಷತ್ರಗಳು ಎರಡೆರಡು ಕಾಣಬೇಕಿತ್ತು, ಒಂದೊಂದೇ ಇದ್ದವು. ನಾನೇ ಮೈಮರೆತು ಕೈ ಅಡ್ಡ ತಂದೆನೇ ಎಂದು ನಮ್ಮವರನ್ನು ಹತ್ತು ಸಲ ಕೇಳಿದೆ. ಸರ್ಕಾರಿ ಮನುಷ್ಯ, ನೋಡದ್ದನ್ನು ನೋಡಿದೆ ಎನ್ನುವವರಲ್ಲ. "ನಿನ್ನ ಎರಡು ಕೈಯೂ ಕೇಬಲಿನ ಮೇಲೇ ಇತ್ತು. ಬೇಕಾದರೆ ಬರೆದು ಸಹಿ ಹಾಕಿ ಕೊಡ್ತೀನಿ," ಎಂದರು.

ಆಮೇಲೆ ಅವರು ಒಂದು ಉಪಾಯ ಹೇಳಿದರು. ರಟ್ಟು ಹಿಡಿದದ್ದು ನೀನೇ ಎಂದು ಬರೆದುಬಿಡು, ಒಂದು ಸಾಲಿನ ಮಾತು, ಯಾರು ಬಂದು ನೋಡುತ್ತಾರೆ ಎಂದರು. ನಿಜ. ಬರೆದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಎರಡನೆಯ ಫೋಟೋ ಸಿಕ್ಕಿತೆಂದು ಗುಂಪಿನವರು ಒಪ್ಪುತ್ತಿದ್ದರು, ಆ ಒಂದು ಸಾಲಿನಲ್ಲಿ ಮೊಣ್ಣಪ್ಪನವರ ಹೆಸರು ಬರುತ್ತಿತ್ತು, ಖನ್ನಾನ ಬಾಯಿಗೆ ಬೀಗ ಬೀಳುತ್ತಿತ್ತು. ಒಂದು ರಾತ್ರಿಯೆಲ್ಲ ಆ ವರದಿಯ ಕಾಗದದ ಮುಂದೆ ಕೂತೆ. ಸತ್ತವರ ಮಾತು ಉಳಿಸಲು, ಅವರೇ ಕೂಡದೆಂದಿದ್ದ ಸುಳ್ಳು ಬರೆಯುವುದು ನನ್ನಿಂದಾಗಲಿಲ್ಲ. ರಟ್ಟು ಹಿಡಿದವರು ಎಂಬ ಸಾಲಿನ ಮುಂದೆ "ಯಾರೂ ಇಲ್ಲ" ಎಂದು ಬರೆದು ಹೊರದೇಶದ ಗುಂಪಿಗೂ ನಮ್ಮ ಕೂಟಕ್ಕೂ ಕಳಿಸಿದೆ.

ಸತ್ಯಕ್ಕೆ ಸಾವಿಲ್ಲ ಎಂದು ಗಾದೆ ಮಾಡಿದವರನ್ನು ನಾನು ಒಮ್ಮೆ ಭೇಟಿಯಾಗಬೇಕು. ಖನ್ನಾ ಎರಡು ಫೋಟೋಗಳನ್ನೂ ಪಕ್ಕಪಕ್ಕದಲ್ಲಿಟ್ಟು, ಕೂಟದವರಿಗೆಲ್ಲ ಈಮೇಲ್ ಮಾಡಿದ. ಎರಡರಲ್ಲೂ ರಟ್ಟು ಹಿಡಿದ ಕೈ ಒಂದೇ, ಆ ಕೈಯವರು ಈಗಿಲ್ಲ, ಆದ್ದರಿಂದ ಮೇಡಂ ಕಳಿಸಿದ್ದು ಅಂಕಲ್‌ಜೀಯವರು ಮೊದಲೇ ತೆಗೆದಿಟ್ಟಿದ್ದ ಇನ್ನೊಂದು ಹಳೆಯ ಫೋಟೋ. ದುಃಖದಲ್ಲಿ ಹೀಗೆಲ್ಲ ಆಗುತ್ತದೆ, ಅವರನ್ನು ಯಾರೂ ದೂಷಿಸಬೇಡಿ ಎಂದು ಉದಾರವಾಗಿ ಬರೆದಿದ್ದ. ಆ ಉದಾರತೆಗೆ ಬೆಂಕಿ ಹಾಕ! ನಾನು ಆತನಿಗೆ ಫೋನ್ ಮಾಡಿ ಕೂಗಾಡಿದೆ. ಆತ ತಣ್ಣಗೆ, ರೋಲಿನ ಮೊದಲ ಫೋಟೋದಲ್ಲಿ ತಾರೀಕು ಇದೆಯೇ ಎಂದು ಕೇಳಿದ. ಮೊಣ್ಣಪ್ಪನವರ ಪದ್ಧತಿ ಆತನಿಗೂ ಗೊತ್ತಿತ್ತು. ನನ್ನ ಹತ್ತಿರ ಏನಿತ್ತು? ತುಳಸಿ ಕುಂಡ. ತುಳಸಿಗೆ ತಾರೀಕಿರುವುದಿಲ್ಲ. ಆತನ ಮೇಲೆ ಬಂದ ಸಿಟ್ಟಿನ ಅರ್ಧ ಅಲ್ಲೇ ನನ್ನ ಮೇಲೆ ತಿರುಗಿತು. ಹೊರದೇಶದವರೂ ಸಂದೇಹ ನಿವಾರಣೆಯಾಗುವವರೆಗೆ ಕಾಯೋಣ ಎಂದು ಬರೆದು ಕೈತೊಳೆದುಕೊಂಡರು. ಪುಸ್ತಕದಲ್ಲಿ ಮುಂದಿನ ಲೆಕ್ಕವಿರಲಿಲ್ಲ. ನಾನೇ ಹಾಕಿದ ಲೆಕ್ಕ ನಂಬಿ ತಾರಸಿಯಲ್ಲಿ ಎಷ್ಟೋ ಸಂಜೆ ಕಾದೆ, ದೆಹಲಿಯ ಧೂಳಿನಲ್ಲಿ ಅದು ಮತ್ತೆ ಕಾಣಲಿಲ್ಲ.

ಎರಡು ವರ್ಷದ ಮೇಲೆ ಬೇರೊಂದು ದೇಶದ ಹವ್ಯಾಸಿಯೊಬ್ಬರು ಅದನ್ನೇ ಹಿಡಿದರು. ಅದೇ ದಾರಿ, ಅದೇ ಸುತ್ತು. ಪಟ್ಟಿಯಲ್ಲಿ ಅವರ ಹೆಸರು ಬಂತು. ಅವರದೇನೂ ತಪ್ಪಿಲ್ಲ, ಅವರಿಗೆ ನಮ್ಮ ಕಥೆ ಗೊತ್ತಿರಲಿಲ್ಲ. ನಾನು ಖನ್ನಾನಿಗೆ ಅದನ್ನು ಕಳಿಸಿ, ಈಗೇನು ಹೇಳುತ್ತೀರಿ ಎಂದು ಕೇಳಿದೆ. ಅಂಕಲ್‌ಜೀ ಕಂಡದ್ದು ನಿಜವೇ ಇರಬಹುದು, ಆದರೆ ಆ ಎರಡನೆಯ ಫೋಟೋ ಮಾತ್ರ ನಿಮ್ಮದಲ್ಲ ಎಂದು ಒಂದು ಸಾಲು ಉತ್ತರಿಸಿದ. ಮೊಣ್ಣಪ್ಪನವರ ಹೆಸರು ಎಲ್ಲೂ ಬರಲಿಲ್ಲ.

ತಂಗಮ್ಮನವರಿಗೆ ಆ ಫೋಟೋವನ್ನು ನಾನು ಬಹಳ ಕಾಲ ತೋರಿಸಿರಲಿಲ್ಲ. ಮಗಳ ಮನೆಗೆ ಹೋಗಿ ಇರಲು ಅವರು ನೋಯ್ಡಾ ಬಿಡುವ ಮುಂಚೆ ಒಂದು ದಿನ ಎರಡನ್ನೂ ತೆಗೆದುಕೊಂಡು ಹೋದೆ. ಯಾವುದು ಯಾವಾಗಿನದು, ಯಾರು ತೆಗೆದದ್ದು, ಏನೂ ಹೇಳಲಿಲ್ಲ. ಅವರಿಗೆ ಉಪಗ್ರಹ, ಲೆಕ್ಕ ಇವುಗಳ ಗಂಧವಿಲ್ಲ. ಕನ್ನಡಕ ಹಾಕಿಕೊಂಡು ಒಂದಾದ ಮೇಲೊಂದು ನೋಡಿದರು. ನನ್ನ ಫೋಟೋದ ಚುಕ್ಕಿಯ ಮೇಲೆ ಬೆರಳಿಟ್ಟರು.

"ಇದು ಅವರ ಕೈಯೇ. ಕಾಫಿ ಲೋಟ ಇಡುವಾಗಲೂ ಹೀಗೇ. ಒಂದು ಸಲ ಟೇಬಲಿಗೆ ತಾಗಿಸಿ, ಎತ್ತಿ, ಮತ್ತೆ ಇಡ್ತಿದ್ರು," ಎಂದರು.

ಇದು ಅವರು ಹೋದ ಒಂಬತ್ತನೆಯ ದಿನ ತೆಗೆದದ್ದು ಎಂದು ನಾನು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಆ ಫೋಟೋ ತಮಗೆ ಬೇಕೆಂದರು, ಕೊಟ್ಟು ಬಂದೆ. ನೆಗೆಟಿವ್ ನನ್ನ ಹತ್ತಿರವಿದೆ.

ಈಗ ನಾವು ಗ್ರೇಟರ್ ನೋಯ್ಡಾದ ಹದಿನಾಲ್ಕನೆಯ ಮಹಡಿಯಲ್ಲಿದ್ದೇವೆ. ಆ ವರದಿಯ ಪ್ರತಿಯನ್ನು ಆಗಾಗ ತೆಗೆದು ನೋಡುತ್ತೇನೆ, ನೋಡಿದಾಗಲೆಲ್ಲ ಮೊಣ್ಣಪ್ಪನವರ ಮೇಲೇ ಸಿಟ್ಟು ಬರುತ್ತದೆ. ಬರುವುದೇ ಆಗಿದ್ದರೆ ಬಂದು ಪಕ್ಕದಲ್ಲಿ ಸುಮ್ಮನೆ ನಿಂತು ನೋಡಬಾರದಿತ್ತೇ? ಲೆನ್ಸಿಗೆ ಕೈ ಅಡ್ಡ ತಂದು ನಿಮ್ಮ ಕೆಲಸವನ್ನು ನೀವೇ ಕೆಡಿಸಿಕೊಂಡಿರಲ್ಲ ಎಂದು ಒಬ್ಬಳೇ ಬೈಯುತ್ತೇನೆ. ಬೈದ ಮೇಲೆ, ನಾನು ನಂಬದ್ದನ್ನು ಬೈಯುತ್ತಿದ್ದೇನೆ ಎಂದು ನೆನಪಾಗುತ್ತದೆ.

ರಟ್ಟು ಹಿಡಿದದ್ದು ಮೊಣ್ಣಪ್ಪನವರೇ ಎಂದು ಖನ್ನಾ ಹೇಳುತ್ತಾನೆ. ತಂಗಮ್ಮನವರೂ ಅದನ್ನೇ ಹೇಳಿದರು. ಯಾರೂ ಹಿಡಿದಿಲ್ಲ ಎಂದು ಬರೆದವಳು ನಾನೊಬ್ಬಳೇ, ಮತ್ತು ಆ ಸಂಜೆ ಕೇಬಲ್ ಒತ್ತಿದವಳೂ ನಾನೇ.